ಗದ್ದೆ ಗದ್ದೆಗೂ ಒಂದು ಒಂಟಿ ಕಲ್ಲುಮನೆ: ಇಂಗ್ಲೆಂಡಿನ ಹಳೇ ಬಾರ್ನ್‌ಗಳ ಬಗ್ಗೆ ಗೊತ್ತಿರೋರು ಹೇಳಿ

ಊರುಬಿಟ್ಟವ

ಲೀಡ್ಸಿಗೆ ಬಂದು ನಾಲ್ಕು ವರ್ಷವಾದರೂ ಯಾರ್ಕ್‌ಷೈರ್ ಡೇಲ್ಸ್ ಕಡೆ ತಲೆ ಹಾಕಿರಲಿಲ್ಲ. ಕಳೆದ ಶನಿವಾರ ಸ್ವೇಲ್‌ಡೇಲ್ ಕಣಿವೆಯ ಮ್ಯೂಕರ್ ಅನ್ನೋ ಊರಿಗೆ ಹೋಗಿದ್ದೆ. ಊರ ಹಿಂದೆ ಹುಲ್ಲುಗಾವಲಿನ ಮಧ್ಯೆ ಚಪ್ಪಡಿ ಹಾಸಿದ ಕಾಲುದಾರಿ ಇದೆ, ಒಬ್ಬರ ಹಿಂದೆ ಒಬ್ಬರು ನಡೀಬೇಕು. ಮೊಣಕಾಲುದ್ದ ಹುಲ್ಲು, ಹಳದಿ ಹೂ. ಅದೆಲ್ಲ ಚೆಂದವೇ. ಆದರೆ ನನ್ನ ತಲೆ ಕೆಡಿಸಿದ್ದು ಬೇರೆ.

ಹೆಚ್ಚುಕಮ್ಮಿ ಪ್ರತಿ ಗದ್ದೆಯಲ್ಲೂ ಒಂದು ಕಲ್ಲಿನ ಕಟ್ಟಡ. ಅದಕ್ಕೆ ರಸ್ತೆಯಿಲ್ಲ, ಹತ್ತಿರ ಮನೆಯಿಲ್ಲ, ಚಿಮಣಿಯೂ ಇಲ್ಲ. ಎರಡಂತಸ್ತಿನ ಎತ್ತರ, ಚಪ್ಪಡಿ ಕಲ್ಲಿನ ಮಾಡು, ಒಂದೆರಡು ಗಿಡ್ಡ ಬಾಗಿಲು. ಗುಡ್ಡದ ಮೇಲೆ ನಿಂತು ಎಣಿಸಿದೆ, ಇಪ್ಪತ್ತು ದಾಟಿದ ಮೇಲೆ ಬಿಟ್ಟೆ. ಕೆಲವು ಗಟ್ಟಿಮುಟ್ಟಾಗಿವೆ, ಕೆಲವುಗಳ ಮಾಡು ಒಳಗೆ ಕುಸಿದು ನಾಲ್ಕು ಗೋಡೆ ಮಾತ್ರ ಉಳಿದಿದೆ.

ನನ್ನ ಪ್ರಶ್ನೆ ಮೂರು. ಊರಲ್ಲಿ ಒಂದು ದೊಡ್ಡ ಕೊಟ್ಟಿಗೆ ಕಟ್ಟೋದು ಬಿಟ್ಟು ಗದ್ದೆಗೊಂದು ಯಾಕೆ ಕಟ್ಟಿದರು? ಗೋಡೆಯಿಂದ ಸಾಲುಸಾಲಾಗಿ ಕಲ್ಲಿನ ಮೂತಿಗಳು ಹೊರಗೆ ಚಾಚಿವೆ, ಅವು ಏನಕ್ಕೆ? ಇಷ್ಟು ಗಟ್ಟಿ ಕಟ್ಟಡಗಳನ್ನ ಹಾಗೇ ಬೀಳೋಕೆ ಯಾಕೆ ಬಿಟ್ಟಿದ್ದಾರೆ?

ಸುಣ್ಣದ_ಕೈ

ನಾನು ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿರೋಳು, ಇರೋದು ಬಾತ್ ಕಡೆ. ಡೇಲ್ಸಿನಲ್ಲಿ ಎರಡು ಬೇಸಿಗೆ ಕೆಲಸ ಮಾಡಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನೀವು ನೋಡಿದ್ದನ್ನ ಅಲ್ಲಿ ಫೀಲ್ಡ್ ಬಾರ್ನ್ ಅಂತಾರೆ. ಹಳಬರ ಬಾಯಲ್ಲಿ ‘ಕೌಸ್’, ಅಂದರೆ ದನದ ಮನೆ. ಇನ್ನೂ ದಕ್ಷಿಣಕ್ಕೆ ಬಂದರೆ ‘ಲೇದ್’ ಅನ್ನೋ ಮಾತೂ ಇದೆ. ಡೇಲ್ಸ್ ರಾಷ್ಟ್ರೀಯ ಉದ್ಯಾನದ ಒಳಗೆ ಸಾಂಪ್ರದಾಯಿಕ ಬೇಸಾಯದ ಕಟ್ಟಡಗಳೇ ಸುಮಾರು 6,000 ಇವೆ, ಅವುಗಳಲ್ಲಿ ಬಹುಪಾಲು ಇಂಥವೇ. ಈಗ ನಿಂತಿರೋದರಲ್ಲಿ ಹೆಚ್ಚಿನವು 18 ಮತ್ತು 19ನೇ ಶತಮಾನದವು.

ಗದ್ದೆಗೊಂದು ಯಾಕೆ? ಹೊರೋದು ತಪ್ಪಲಿ ಅಂತ. ಅಲ್ಲಿ ಚಳಿಗಾಲ ಅಂದರೆ ನವೆಂಬರಿಂದ ಮೇವರೆಗೆ, ಆರು ತಿಂಗಳು ದನ ಹೊರಗೆ ಮೇಯೋ ಹಾಗಿಲ್ಲ. ಅಷ್ಟು ದಿನದ ಹುಲ್ಲನ್ನ ಜುಲೈಯಲ್ಲಿ ಕೊಯ್ದು, ಒಣಗಿಸಿ, ಮಳೆ ಬರೋದರೊಳಗೆ ಒಳಗೆ ಹಾಕಬೇಕು. ಇಳಿಜಾರು ಗದ್ದೆ, ಕಲ್ಲುಗೋಡೆಯ ಕಿಂಡಿ, ಹಳ್ಳ ದಾಟಿಸಿ ಊರಿಗೆ ಸಾಗಿಸೋ ಬದಲು ಬೆಳೆದ ಗದ್ದೆಯಲ್ಲೇ ಒಂದು ಮನೆ ಕಟ್ಟಿ ಅಲ್ಲೇ ತುಂಬಿದರು. ಆಮೇಲೆ ನಾಲ್ಕೋ ಆರೋ ದನಗಳನ್ನ ಹುಲ್ಲಿರೋ ಕಡೆಗೇ ಕರೆತಂದು ಕಟ್ಟಿದರು. ಆರು ತಿಂಗಳ ಸಗಣಿ ಬಾಗಿಲ ಹೊರಗೆ ಗುಡ್ಡೆ, ವಸಂತ ಬಂದಾಗ ಅದೇ ಗದ್ದೆಗೆ ಎರಚೋದು. ಹುಲ್ಲು ಗದ್ದೆ ಬಿಟ್ಟು ಹೋಗಲಿಲ್ಲ, ಗೊಬ್ಬರವೂ ಹೋಗಲಿಲ್ಲ. ದಿನಾ ಎರಡು ಹೊತ್ತು ನಡೆದು ಬರುತ್ತಿದ್ದದ್ದು ರೈತ ಒಬ್ಬನೇ.

ಒಳಗಿನ ವಿನ್ಯಾಸವನ್ನೂ ಇದೇ ಲೆಕ್ಕದಲ್ಲಿ ನೋಡಿ. ಒಂದು ಪಕ್ಕ ನೆಲದಿಂದ ಮಾಡಿನವರೆಗೆ ಹುಲ್ಲಿನ ರಾಶಿ. ಇನ್ನೊಂದು ಪಕ್ಕ ಕೆಳಗೆ ದನ, ಅವುಗಳ ತಲೆ ಮೇಲೆ ಅಟ್ಟ, ಅಟ್ಟದಲ್ಲೂ ಹುಲ್ಲು. ಗೋಡೆಯ ಎತ್ತರದಲ್ಲಿ ಒಂದು ಚೌಕ ಕಿಂಡಿ ಕಂಡಿರಬೇಕು ನಿಮಗೆ. ಗಾಡಿಯ ಮೇಲೆ ನಿಂತು ಕವೆಗೋಲಿನಿಂದ ಹುಲ್ಲನ್ನ ಒಳಗೆ ತಳ್ಳೋಕೆ ಅದು. ಎರಡೆರಡು ದನಕ್ಕೆ ಒಂದು ಗೂಡು, ನಡುವೆ ಹಲಗೆ ಇಲ್ಲವೇ ಚಪ್ಪಡಿಯ ಅಡ್ಡೆ, ಅದರ ಹೆಸರು ಬಾಸ್ಕಿನ್. ಹಿಂದುಗಡೆ ಸಗಣಿ ಕಾಲುವೆ.

ಮೂತಿ ಚಾಚಿದ ಕಲ್ಲು ‘ಥ್ರೂ’, ನಮ್ಮ ಮಾತಲ್ಲಿ ಅಡ್ಡಗಲ್ಲು ಅಂದುಕೊಳ್ಳಿ. ಆ ಗೋಡೆ ಒಂದಲ್ಲ, ಎರಡು. ಹೊರಮೈ ಒಂದು, ಒಳಮೈ ಒಂದು, ನಡುವಿನ ಹೊಟ್ಟೆಗೆ ಚೂರುಗಲ್ಲು. ಎರಡನ್ನೂ ಕಟ್ಟಿಹಾಕೋಕೆ ಏನೂ ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ಗೋಡೆ ಹೊಟ್ಟೆ ಬಿಡುತ್ತೆ. ಅದಕ್ಕೆ ಇಷ್ಟಿಷ್ಟು ಎತ್ತರಕ್ಕೊಂದು ಸಾಲು ಉದ್ದನೆ ಕಲ್ಲು ಈ ಕಡೆಯಿಂದ ಆ ಕಡೆಗೆ. ಮನೆಯಾಗಿದ್ದರೆ ತುದಿ ಕತ್ತರಿಸಿ ಸಮ ಮಾಡುತ್ತಿದ್ದರು. ದನದ ಮನೆಗೆ ಯಾರು ಆ ಕೂಲಿ ಕೊಡ್ತಾರೆ? ಹಾಗೇ ಬಿಟ್ಟರು. ಈಗ ಪ್ರವಾಸಿಗರು ಅದನ್ನೇ ಅಲಂಕಾರ ಅಂತ ಫೋಟೋ ತೆಗೀತಾರೆ.

ಮೂರನೇ ಪ್ರಶ್ನೆಗೆ ಸಂಜೆ ಬರ್ತೀನಿ, ಅದಕ್ಕೆ ಜಗಳ ಆಗುತ್ತೆ.

ಮಂಡ್ಯದ_ಗದ್ದೆ

ಅಕ್ಕ, ಇದು ಓದಿ ಖುಷಿ ಆಯ್ತು ಕಣ್ರೀ. ನಮ್ಮಲ್ಲಿ ಕೊಟ್ಟಿಗೆ ಗೊಬ್ಬರ ಗದ್ದೆಗೆ ಸಾಗಿಸೋದೇ ಒಂದು ಬೇಸಾಯ. ಮನೆ ಹಿಂದಿನ ತಿಪ್ಪೆಯಿಂದ ಗದ್ದೆಗೆ ಒಂದು ಮೈಲಿ, ಗಾಡಿ ಲೆಕ್ಕದಲ್ಲಿ ಕೂಲಿ. ಇವರು ತಿಪ್ಪೆನೇ ಗದ್ದೆಗೆ ಕಟ್ಟವ್ರೆ!

ಒಂದು ಅನುಮಾನ. ದನ ಆಯ್ತು, ಹುಲ್ಲು ಆಯ್ತು. ಕಣ ಎಲ್ಲಿ? ಕಾಳು ಎಲ್ಲಿ ಬಡೀತಿದ್ರು?

ಸುಣ್ಣದ_ಕೈ

ಸರಿಯಾದ ಜಾಗಕ್ಕೆ ಕೈಯಿಟ್ಟಿರಿ. ಡೇಲ್ಸ್ ಹುಲ್ಲಿನ ನಾಡು, ಅಲ್ಲಿ ಕಾಳು ಕಮ್ಮಿ. ಕಣ ನೋಡಬೇಕಾದರೆ ದಕ್ಷಿಣಕ್ಕೆ, ಕಾಟ್ಸ್‌ವೋಲ್ಡ್ಸ್ ಕಡೆ ಬರಬೇಕು.

ಬಾರ್ನ್ ಅನ್ನೋದಕ್ಕೆ ಕನ್ನಡದಲ್ಲಿ ಒಂದೇ ಪದ ಸಿಗದಿರೋದಕ್ಕೆ ಕಾರಣವೂ ಇದೇ. ನಮ್ಮಲ್ಲಿ ಕಣ ಬಯಲಲ್ಲಿ, ಬಣವೆ ಬಯಲಲ್ಲಿ, ಕಣಜ ಮನೆಯೊಳಗೆ, ಕೊಟ್ಟಿಗೆ ಮನೆ ಪಕ್ಕ. ಸುಗ್ಗಿ ಬರೋದೇ ಬಿಸಿಲ ಕಾಲಕ್ಕೆ, ಮಾಡು ಯಾಕೆ ಬೇಕು? ಇಂಗ್ಲೆಂಡಿನ ಮಳೆಗೆ ಆ ಧೈರ್ಯ ಇಲ್ಲ. ತೆನೆಸಮೇತ ಕಂತೆಗಳನ್ನ ಒಳಗೆ ಒಟ್ಟಿ, ಚಳಿಗಾಲ ಪೂರ್ತಿ ಬೇಕಾದಷ್ಟೇ ಬಿಚ್ಚಿ ಬಡೀತಿದ್ದರು. ಪದದ ಹುಟ್ಟೂ ಅದೇ: ಹಳೇ ಇಂಗ್ಲಿಷಿನಲ್ಲಿ ‘ಬೆರೆ’ ಅಂದರೆ ಬಾರ್ಲಿ, ‘ಅರ್ನ್’ ಅಂದರೆ ಮನೆ. ಬಾರ್ಲಿಮನೆ. ದನ ಅದರೊಳಗೆ ಬಂದಿದ್ದು ಆಮೇಲೆ.

ಕಾಳಿನ ಬಾರ್ನ್ ಗುರುತಿಸೋದು ಸುಲಭ. ಉದ್ದಗೋಡೆಯ ನಡುವೆ ಗಾಡಿ ಹೋಗೋವಷ್ಟು ದೊಡ್ಡ ಬಾಗಿಲು, ಎದುರು ಗೋಡೆಯಲ್ಲೂ ಸರಿಯಾಗಿ ಅದರ ನೇರಕ್ಕೆ ಇನ್ನೊಂದು. ಎರಡರ ನಡುವಿನ ನೆಲವೇ ಕಣ. ಕೋಲಿಗೆ ಕೋಲು ಕಟ್ಟಿದ ಬಡಿಗೆಯಿಂದ ಬಡಿದು, ಎರಡೂ ಬಾಗಿಲು ತೆರೆದು ನಡುವೆ ನಿಂತು ತೂರೋದು. ಗಾಳಿ ಇತ್ತಿಂದ ಬಂದು ಅತ್ತ ಹೊಟ್ಟನ್ನ ಹೊತ್ತೊಯ್ಯುತ್ತೆ. ನಮ್ಮಜ್ಜಿ ಮೊರ ಹಿಡಿದು ಗಾಳಿಗೆ ಕಾಯುತ್ತಿದ್ದಳು, ಇವರು ಗಾಳಿಗೆ ದಾರಿ ಕಟ್ಟಿಟ್ಟಿದ್ದರು. ಗೋಡೆಯಲ್ಲಿ ಬಾಣ ಬಿಡೋ ಕಿಂಡಿಯಂಥ ಸೀಳುಗಳಿರುತ್ತವೆ, ಕೋಟೆ ಅಂತ ಮೋಸ ಹೋಗಬೇಡಿ, ಹಸಿ ಕಂತೆ ಬೂಷ್ಟು ಹಿಡಿಯದಿರಲಿ ಅಂತ ಗಾಳಿಗೆ ಬಿಟ್ಟಿದ್ದು. ಒಳಮೈಯಲ್ಲಿ ಅಗಲ, ಹೊರಮೈಯಲ್ಲಿ ಕಿರಿದು, ಮಳೆ ಒಳಗೆ ಬರಲ್ಲ.

ಊರುಬಿಟ್ಟವ

ಬಾಗಿಲ ಕೆಳಗೆ ಅಡ್ಡಹಲಗೆ ಇಟ್ಟು ಬಡಿದ ಕಾಳು ಹೊರಗೆ ಹೋಗದ ಹಾಗೆ ತಡೀತಿದ್ದರು, ಅದರಿಂದಲೇ ಹೊಸ್ತಿಲಿಗೆ ‘ಥ್ರೆಶ್‌ಹೋಲ್ಡ್’ ಅಂತ ಹೆಸರು ಬಂತು ಅಂತ ಒಬ್ಬ ಗೈಡ್ ಹೇಳಿದ್ದ. ನಿಜಾನಾ?

ಸುಣ್ಣದ_ಕೈ

ಹಲಗೆ ನಿಜ, ಅದನ್ನ ಕೂರಿಸೋಕೆ ಕೊರೆದ ಸಂದು ಬಾಗಿಲ ಚೌಕಟ್ಟಿನ ಕಂಬದಲ್ಲಿ ಈಗಲೂ ಕಾಣುತ್ತೆ. ಹೆಸರಿನ ಕತೆ ಸುಳ್ಳು. ಹಳೇ ಇಂಗ್ಲಿಷಿನಲ್ಲೇ ಮನೆ ಹೊಸ್ತಿಲಿಗೆ ಆ ಪದ ಇತ್ತು, ‘ಹೋಲ್ಡ್’ ಆಮೇಲೆ ಜನ ಹಚ್ಚಿದ ಅರ್ಥ. ಗೈಡ್‌ಗಳ ಮೇಲೆ ನನಗೆ ಕೋಪ ಇಲ್ಲ, ಕತೆ ಚೆನ್ನಾಗೇ ಇದೆ.

ಧಾರವಾಡ_ಪೇಢಾ

ನಾ ಲ್ಯಾಂಕಾಸ್ಟರದಾಗ ಇರ್ತೇನ್ರಿ. ಲೇಕ್ ಡಿಸ್ಟ್ರಿಕ್ಟಿನೊಳಗ ಟ್ರೌಟ್‌ಬೆಕ್ ಅಂತ ಹಳ್ಳಿ ಐತಿ, ಅಲ್ಲಿ ಟೌನೆಂಡ್ ಅನ್ನೋ ಹಳೇ ಒಕ್ಕಲಿಗರ ಮನಿ, ಹಳೇ ಕಟ್ಟಡ ಕಾಯೋ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರ ಕೈಯಾಗ ಐತಿ. ಮನಿಗೆ ಹೋದವರು ರಸ್ತಾ ದಾಟಿ ಅದರ ಬಾರ್ನ್ ನೋಡದ ಬರಬ್ಯಾಡ್ರಿ. 1666ರದು.

ಅದರ ಸೊಗಸು ಏನಂದ್ರ, ಗುಡ್ಡದ ಇಳಿಜಾರಿಗೆ ಆನಿಸಿ ಕಟ್ಟ್ಯಾರ. ಕೆಳಗಿನ ಬಾಜೂದಿಂದ ನೋಡಿದ್ರ ದನದ ಕೊಟ್ಟಗಿ, ಮ್ಯಾಲಿನ ಬಾಜೂದಿಂದ ನೋಡಿದ್ರ ಕಣ. ಗಾಡಿ ಗುಡ್ಡದ ಮಗ್ಗಲದಿಂದ ಸೀದಾ ಮ್ಯಾಲಿನ ಅಂತಸ್ತಿಗೇ ಹೊಕ್ಕತೈತಿ. ಒಂದು ಸಿವುಡೂ ಮ್ಯಾಲ ಎತ್ತೋ ಹಂಗಿಲ್ಲ. ಮ್ಯಾಲಿಂದ ಹುಲ್ಲು ಕೆಳಗ ದೂಡಿದ್ರ ದನದ ಮುಂದ ಬೀಳ್ತೈತಿ. ಇದಕ್ಕ ‘ಬ್ಯಾಂಕ್ ಬಾರ್ನ್’ ಅಂತಾರ, ಬ್ಯಾಂಕ್ ಅಂದ್ರ ಇಲ್ಲೆ ಇಳಿಜಾರು. ನಾ ಮೊದಲ ಸಲ ಕೇಳಿದಾಗ ಸಾಲ ಕೊಡೋ ಬ್ಯಾಂಕ್ ಅಂದುಕೊಂಡಿದ್ದೆ, ನಗಬ್ಯಾಡ್ರಿ.

ನಮ್ಮ ಕಡೆ ಹಗೇವು ಇದ್ದಂಗ ಇವರಿಗೂ ಕಾಳಿನ ಚಿಂತಿ ಇತ್ತಲ್ಲ, ಇಲಿ ಕಾಟಕ್ಕ ಏನ್ ಮಾಡ್ತಿದ್ರು?

ಸುಣ್ಣದ_ಕೈ

ನೀವು ನೆಲದೊಳಗೆ ಇಳಿದಿರಿ, ಇವರು ನೆಲ ಬಿಟ್ಟು ಮೇಲೆದ್ದರು. ಕಣಜವನ್ನ ನಾಯಿಕೊಡೆ ಆಕಾರದ ಕಲ್ಲುಗಳ ಮೇಲೆ ಕೂರಿಸೋದು. ಕಂಬ ಹತ್ತಿದ ಇಲಿ ಮೇಲಿನ ಟೊಪ್ಪಿಗೆಯ ಅಡಿಗೆ ಬಂದರೆ ತಲೆಕೆಳಗಾಗಿ ನಡೀಬೇಕು, ಬಿದ್ದುಹೋಗುತ್ತೆ. ಸ್ಟ್ಯಾಡಲ್ ಸ್ಟೋನ್ ಅಂತ ಹೆಸರು. ಈಗ ಶ್ರೀಮಂತರ ಗೇಟಿನ ಎರಡು ಪಕ್ಕ ಕೂತಿವೆ. ಇನ್ನು ಗೂಬೆಗೆ ಅಂತಲೇ ಗೋಡೆಯ ತುದಿಯಲ್ಲಿ ತೂತು ಬಿಡುತ್ತಿದ್ದರು. ಒಂದು ಜೋಡಿ ಗೂಬೆ ಸಾಕಿದರೆ ಬೆಕ್ಕಿನ ಖರ್ಚಿಲ್ಲ.

ತಕರಾರು_ತಮ್ಮಯ್ಯ

ಎಲ್ಲರೂ ಮೈಮರೆತು ಹೊಗಳ್ತಿದ್ದೀರಿ. ಟೈದ್ ಬಾರ್ನ್ ಅಂದರೆ ಏನು? ಬಡ ರೈತನ ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಚರ್ಚು ಕಿತ್ತುಕೊಂಡು ತುಂಬಿಟ್ಟ ಗೋದಾಮು. ಆ ದೊಡ್ಡ ದೊಡ್ಡ ಕಲ್ಲಿನ ಬಾರ್ನ್‌ಗಳೆಲ್ಲ ಸುಲಿಗೆಯ ಸ್ಮಾರಕ. 1836ರಲ್ಲಿ ಕಾನೂನು ಬಂದು ಅದನ್ನ ದುಡ್ಡಿನ ಲೆಕ್ಕಕ್ಕೆ ತಿರುಗಿಸೋವರೆಗೂ ರೈತ ಅತ್ತಿದ್ದೇ ಬಂತು. ವಾಸ್ತುಶಿಲ್ಪ ಅಂತೆ!

ಸುಣ್ಣದ_ಕೈ

ತಮ್ಮಯ್ಯನವರೇ, ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ಒಂದು ತಿದ್ದುಪಡಿ. ಜನ ಟೈದ್ ಬಾರ್ನ್ ಅನ್ನೋದರಲ್ಲಿ ಬಹಳಷ್ಟು ಟೈದ್ ಬಾರ್ನ್‌ಗಳಲ್ಲ. ಮಠದ ಸ್ವಂತ ಜಮೀನಿನ ಬೆಳೆ ತುಂಬಿಡೋ ಮಠದ ಬಾರ್ನ್‌ಗಳು.

ಆಕ್ಸ್‌ಫರ್ಡ್‌ಷೈರಿನ ಗ್ರೇಟ್ ಕಾಕ್ಸ್‌ವೆಲ್ ಅಂಥದ್ದು. 1203ರಲ್ಲಿ ಜಾನ್ ದೊರೆ ಫ್ಯಾರಿಂಗ್ಡನ್ ಸೀಮೆಯನ್ನ ಸಿಸ್ಟರ್ಶಿಯನ್ ಸನ್ಯಾಸಿಗಳಿಗೆ ಬಿಟ್ಟುಕೊಟ್ಟ. ಅವರ ಮುಖ್ಯ ಮಠ ದೂರದ ಬ್ಯೂಲಿಯಲ್ಲಿ ನೆಲೆಯಾಯಿತು, ಜಮೀನು ಇಲ್ಲೇ ಉಳಿಯಿತು. ಆ ಜಮೀನಿನ ಬೆಳೆಗೆ ಕಟ್ಟಿದ್ದು ಈ ಬಾರ್ನ್. ಮರದ ಉಂಗುರ ಎಣಿಸಿ ನೋಡಿದಾಗ ತೊಲೆಗಳು 1292ರ ಸುಮಾರಿನವು ಅಂತ ಗೊತ್ತಾಯ್ತು. ಉದ್ದ 152 ಅಡಿ, ಅಗಲ 44, ಎತ್ತರ 48. ಒಳಗೆ ಎರಡು ಸಾಲು ಓಕ್ ಕಂಬ. ಆ ಕಂಬಗಳು ನೆಲ ಮುಟ್ಟಲ್ಲ. ಆಳಿಗಿಂತ ಎತ್ತರದ ಕಲ್ಲಿನ ಪೀಠದ ಮೇಲೆ ನಿಂತಿವೆ. ಮರದ ಕಾಲಿಗೆ ತೇವ ಹತ್ತಬಾರದು, ಗಾಡಿ ಗುದ್ದಿದರೆ ಕಲ್ಲಿಗೆ ಗುದ್ದಲಿ. ಏಳು ನೂರು ವರ್ಷ ಆದರೂ ಬುಡ ಕೊಳೆತಿಲ್ಲ.

ಕವಿ, ವಿನ್ಯಾಸಗಾರ ವಿಲಿಯಂ ಮಾರಿಸ್ ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿದ್ದಾಗ ಮನೆಗೆ ಬಂದ ನೆಂಟರನ್ನ ಇಲ್ಲಿಗೆ ಕರೆದುಕೊಂಡು ಬರುತ್ತಿದ್ದನಂತೆ, ಕತೀಡ್ರಲ್‌ಗೆ ಸಮ ಅಂತ ಹೊಗಳುತ್ತಿದ್ದ. ಆತನೇ ವಾಸ್ತುಶಿಲ್ಪಿ ಫಿಲಿಪ್ ವೆಬ್ ಜೊತೆ ಸೇರಿ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ. ಹಳೇದನ್ನ ಕೆರೆದು ಹೊಸದರಂತೆ ಮಾಡೋ ಹುಚ್ಚಿನ ವಿರುದ್ಧ ಹುಟ್ಟಿದ ಸಂಘ ಅದು. ದಿನಾ ದುರಸ್ತಿ ಮಾಡ್ತಾ ಇರಿ, ಜೀರ್ಣೋದ್ಧಾರ ಮಾಡಬೇಡಿ ಅನ್ನೋದು ಅವರ ಮಾತಿನ ಸಾರ. ನನ್ನ ಹೊಟ್ಟೆಪಾಡು ಈಗಲೂ ಆ ಮಾತಿನ ಮೇಲೇ ನಡೀತಿದೆ.

ಹಾಗೇ ವಿಲ್ಟ್‌ಷೈರಿನ ಬ್ರಾಡ್‌ಫರ್ಡ್ ಆನ್ ಏವನ್. 14ನೇ ಶತಮಾನದ ಶುರುವಿನದು, 51 ಮೀಟರ್ ಉದ್ದ. ಮಾಡಿನ ಮೇಲಿನ ಕಲ್ಲುಹಂಚಿನ ಭಾರವೇ ಸುಮಾರು 100 ಟನ್. ಅದರ ಒಡೆತನ ಷಾಫ್ಟ್ಸ್‌ಬರಿಯ ಸನ್ಯಾಸಿನಿಯರದ್ದು. ಅಷ್ಟು ದೊಡ್ಡ ಜಮೀನ್ದಾರಿಕೆ ಹೆಂಗಸರ ಕೈಲಿತ್ತು ಅನ್ನೋದು ನಿಮ್ಮ ಸುಲಿಗೆ ಲೆಕ್ಕದಲ್ಲಿ ಎಲ್ಲಿ ಬರುತ್ತೋ ನೀವೇ ನೋಡಿ.

ತಕರಾರು_ತಮ್ಮಯ್ಯ

ಸನ್ಯಾಸಿ ಸುಲಿದರೇನು, ಸನ್ಯಾಸಿನಿ ಸುಲಿದರೇನು. ಗೇಣಿ ಗೇಣಿಯೇ. ಬಡಿಗೆ ಹಿಡಿದವನ ಕೂಲಿ ಬಗ್ಗೆ ಯಾರೂ ಬರೆದಿಲ್ಲ ನೋಡಿ ಇಲ್ಲಿ.

ಸುಣ್ಣದ_ಕೈ

ಬರೀತೀನಿ, ಇದು ನ್ಯಾಯವಾದ ಮಾತು. ಚಳಿಗಾಲದಲ್ಲಿ ಕೂಲಿಯವನಿಗೆ ಇದ್ದ ದೊಡ್ಡ ಕೆಲಸ ಕಾಳು ಬಡಿಯೋದೇ. 1786ರಲ್ಲಿ ಸ್ಕಾಟ್‌ಲೆಂಡಿನ ಆಂಡ್ರೂ ಮೀಕಲ್ ಬಡಿಯೋ ಯಂತ್ರ ಮಾಡಿದ. ಕೂಲಿ ತುಟ್ಟಿಯಾಗಿದ್ದ ನಾರ್ಥಂಬರ್‌ಲೆಂಡ್ ಕಡೆ ಬೇಗ ಹಬ್ಬಿತು. ಅಲ್ಲಿನ ಬಾರ್ನ್‌ಗಳ ಬೆನ್ನಿಗೆ ಅಂಟಿಕೊಂಡ ಹಾಗೆ ಗುಂಡಗೆ, ಇಲ್ಲವೇ ಹಲವು ಮೂಲೆಯ ಒಂದು ಮಂಟಪ ಕಾಣುತ್ತೆ, ಅದೇ ‘ಜಿನ್ ಗ್ಯಾಂಗ್’. ಒಳಗೆ ಕುದುರೆಗಳು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವು, ಹಲ್ಲುಚಕ್ರದ ದಂಡ ಗೋಡೆ ತೂರಿ ಹೋಗಿ ಪಕ್ಕದ ಯಂತ್ರ ತಿರುಗಿಸುತ್ತಿತ್ತು. ಬಾರ್ನ್ ಗೋಡೆಗೆ ಆ ದಂಡಕ್ಕಾಗಿ ಹೊಡೆದ ತೂತು ಎಷ್ಟೋ ಕಡೆ ಇನ್ನೂ ಇದೆ.

ದಕ್ಷಿಣದಲ್ಲಿ ಕೂಲಿಗೆ ಜನ ಬೇಕಾದಷ್ಟು, ಕೆಲಸ ಕಮ್ಮಿ. ಅಲ್ಲಿ ಯಂತ್ರ ಬಂದಾಗ 1830ರಲ್ಲಿ ಕೆಂಟ್‌ನಿಂದ ಶುರುವಾಗಿ ಜನ ಯಂತ್ರ ಒಡೆದರು, ಬಣವೆ ಸುಟ್ಟರು. ಸ್ವಿಂಗ್ ದಂಗೆ ಅಂತ ಹೆಸರು. ಗಲ್ಲಿಗೇರಿದವರೂ ಇದ್ದಾರೆ, ಆಸ್ಟ್ರೇಲಿಯಾಕ್ಕೆ ಗಡೀಪಾರಾದವರು ನೂರಾರು. ಆ ಗುಂಡು ಮಂಟಪ ನೋಡಿದಾಗ ನನಗೂ ಇದೇ ನೆನಪಾಗೋದು.

ಹೀಥ್ರೂ_ಕನ್ನಡಿಗ

ಕಲ್ಲಿನದಲ್ಲ, ಆದರೂ ಹೇಳಿಬಿಡ್ತೀನಿ. ಊರಿಂದ ಅಪ್ಪ ಅಮ್ಮ ಬಂದಾಗ ವಿಮಾನ ತಡವಾದರೆ ಹಾರ್ಮಂಡ್ಸ್‌ವರ್ತ್‌ಗೆ ಹೋಗಿ ಬನ್ನಿ, ವಿಮಾನ ನಿಲ್ದಾಣದ ಪಕ್ಕದ ಹಳ್ಳಿ. 1426ರ ಓಕ್ ಮರದ ಬಾರ್ನ್, 58 ಮೀಟರ್ ಉದ್ದ, ಕವಿ ಬೆಟ್ಜಮನ್ ಮಿಡ್ಲ್‌ಸೆಕ್ಸಿನ ಕತೀಡ್ರಲ್ ಅಂದಿದ್ದು ಇದನ್ನೇ. ಎಲ್ಲ ದಿನ ತೆರೆದಿರಲ್ಲ, ನೋಡಿಕೊಂಡು ಹೋಗಿ. ನಮ್ಮಪ್ಪ ಒಳಗೆ ಹೋಗಿ ತೊಲೆ ನೋಡಿ ಹೇಳಿದ್ದು ಒಂದೇ ಮಾತು: “ಇಷ್ಟು ಮರಕ್ಕೆ ಈಗ ಎಷ್ಟಾಗುತ್ತೋ.”

ಕಾಟ್ಸ್‌ವೋಲ್ಡ್_ಸೊಸೆ

ನಾನು ಸುಮ್ಮನೆ ಓದ್ತಿದ್ದೆ, ಈಗ ತಡೆಯೋಕಾಗಲ್ಲ. ನಾವು ಎರಡು ವರ್ಷ ಬಾಡಿಗೆಗಿದ್ದದ್ದು ಬಾರ್ನ್ ಕನ್ವರ್ಷನ್‌ನಲ್ಲಿ, ಅಂದರೆ ಮನೆಯಾಗಿ ಬದಲಾಯಿಸಿದ ಬಾರ್ನ್‌ನಲ್ಲಿ. ಕೇಳೋಕೆ ಚೆಂದ. ಜೇನುಬಣ್ಣದ ಕಲ್ಲು, ಗಾಡಿ ಬಾಗಿಲ ಜಾಗದಲ್ಲಿ ಎರಡಂತಸ್ತಿನ ಗಾಜು. ಒಳಗೆ ಚಳಿಗೆ ಹಲ್ಲು ಕಟಕಟ. ಆಮೇಲೆ ಮಲಗೋ ಕೋಣೆಯ ಗೋಡೆ ಒದ್ದೆಯಾಗೋಕೆ ಶುರುವಾಯ್ತು. ಮನೆ ಮಾಲೀಕರು ಯಾರನ್ನೋ ಕರೆಸಿ ಹೊರಗೋಡೆಯ ಸಂದುಗಳಿಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿದರು, ಮಳೆ ಒಳಗೆ ಬರ್ತಿದೆ ಅಂತ. ಮುಂದಿನ ಚಳಿಗಾಲಕ್ಕೆ ಒದ್ದೆ ಇನ್ನೂ ಜಾಸ್ತಿ! ಜೊತೆಗೆ ಕಲ್ಲಿನ ಮೈ ಪದರ ಪದರ ಉದುರೋಕೆ ಶುರು. ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಹಳದಿ ಪುಡಿ. ಮಗಳು ಅದರಲ್ಲಿ ರಂಗೋಲಿ ಬಿಡ್ತಿದ್ದಳು. ನಾವು ಬಿಟ್ಟು ಬಂದ್ವಿ. ಯಾಕೆ ಹಾಗಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಸುಣ್ಣದ_ಕೈ

ಸಿಮೆಂಟು. ನನ್ನ ಅರ್ಧ ಕೆಲಸ ಯಾರೋ ಹಚ್ಚಿದ ಸಿಮೆಂಟನ್ನ ಕೀಳೋದೇ.

ಹಳೇ ಕಲ್ಲುಗೋಡೆ ಮಳೆಯನ್ನ ತಡೆಯಲ್ಲ, ಕುಡಿಯುತ್ತೆ. ಎರಡು ಅಡಿ ದಪ್ಪ ಗೋಡೆಯಾದ್ದರಿಂದ ಒಳಮೈ ಮುಟ್ಟೋದರೊಳಗೆ ಬಿಸಿಲು, ಗಾಳಿ ಬಂದು ಹೊರಕ್ಕೆ ಎಳೆದುಕೊಳ್ಳುತ್ತೆ. ಹೊರಕ್ಕೆ ಬರೋ ದಾರಿ ಸಂದಿನ ಸುಣ್ಣದ ಗಾರೆ. ಗಾರೆ ಕಲ್ಲಿಗಿಂತ ಮೆತ್ತಗೆ, ಕಲ್ಲಿಗಿಂತ ಹೆಚ್ಚು ಉಸಿರಾಡುತ್ತೆ. ತೇವ, ಉಪ್ಪು, ಹಿಮದ ಕಾಟವನ್ನೆಲ್ಲ ಅದೇ ತಿಂದು ನೂರು ವರ್ಷಕ್ಕೆ ಸವೆದುಹೋಗುತ್ತೆ. ಕೆರೆದು ಮತ್ತೆ ತುಂಬಿದರಾಯ್ತು. ಸಿಮೆಂಟ್ ಹಾಕಿದಿರೋ, ಆ ದಾರಿ ಮುಚ್ಚಿತು. ನೀರು ಇನ್ನು ಕಲ್ಲಿನ ಮೂಲಕವೇ ಬರಬೇಕು. ಚಳಿಗೆ ಕಲ್ಲಿನೊಳಗೇ ಹೆಪ್ಪುಗಟ್ಟಿ ಹಿಗ್ಗುತ್ತೆ, ಮೈ ಸಿಡಿಯುತ್ತೆ. ಕೆಲವು ವರ್ಷ ಬಿಟ್ಟು ನೋಡಿದರೆ ಕಲ್ಲು ಒಳಕ್ಕೆ ಸವೆದು ಸಿಮೆಂಟ್ ಮಾತ್ರ ಜೇನುಗೂಡಿನ ಅಂಚಿನ ಹಾಗೆ ಎದ್ದು ನಿಂತಿರುತ್ತೆ. ನಿಮ್ಮ ಮಗಳ ರಂಗೋಲಿ ಪುಡಿ ಅದೇ, ಕಲ್ಲಿನದು. ಕಾಟ್ಸ್‌ವೋಲ್ಡ್ ಸುಣ್ಣಕಲ್ಲು ಮೆತ್ತಗೆ, ಅದಕ್ಕೆ ಬೇಗ ಸೋಲುತ್ತೆ.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು, ಅದು ಯಾರಿಗೂ ಇಲ್ಲ. ಹಿಮ ಬೀಳೋ ತಿಂಗಳಲ್ಲಿ ಮಾಡೋ ಹಾಗಿಲ್ಲ. ಮಾಡಿದ ಮೇಲೆ ಒದ್ದೆ ಗೋಣಿತಾಟು ಹೊದಿಸಿ ಎಳೆ ಬಾಣಂತಿ ಹಾಗೆ ನೋಡಿಕೊಳ್ಳಬೇಕು.

ಮಾಡಿನ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. ಕಾಟ್ಸ್‌ವೋಲ್ಡ್ ಕಲ್ಲುಹಂಚನ್ನ ಉಳಿಯಿಂದ ಸೀಳುತ್ತಿರಲಿಲ್ಲ. ಸ್ಟೋನ್ಸ್‌ಫೀಲ್ಡ್ ಅನ್ನೋ ಹಳ್ಳಿಯಲ್ಲಿ ಗಣಿಯಿಂದ ತೆಗೆದ ಬಂಡೆಯನ್ನ ಚಳಿಗಾಲ ಪೂರ್ತಿ ಬಯಲಲ್ಲಿ ಹರಡಿ ನೀರು ಹನಿಸುತ್ತಿದ್ದರು. ರಾತ್ರಿಯ ಹಿಮವೇ ಪದರ ಬಿಡಿಸಿ ಕೊಡುತ್ತಿತ್ತು. ನಿಮ್ಮ ಗೋಡೆ ಹಾಳು ಮಾಡಿದ್ದೂ ಅದೇ ಹಿಮ ನೋಡಿ. ಒಂದೊಂದು ಅಳತೆಗೂ ಒಂದೊಂದು ಹೆಸರು, ‘ಬ್ಯಾಚುಲರ್’ ಅಂತ ಒಂದು, ‘ವಿವೆಟ್’ ಅಂತ ಒಂದು. ಸೂರಿನಂಚಿಗೆ ದೊಡ್ಡವು, ಮೇಲೆ ಹೋದ ಹಾಗೆ ಚಿಕ್ಕವು, ಕೋಡಿನ ಹತ್ತಿರ ಅಂಗೈಯಷ್ಟು. ಓಕ್ ಗೂಟದಿಂದ ರೀಪಿಗೆ ನೇತುಹಾಕೋದು. ಹಂಚು ಚಿಕ್ಕದಾದ್ದರಿಂದ ಮಾಡು ಕಡಿದಾಗಿರಬೇಕು, ನೀರು ನಿಲ್ಲಬಾರದು. ಡೇಲ್ಸಿನಲ್ಲಿ ಮೇಜಿನಗಲದ ಮರಳುಗಲ್ಲ ಚಪ್ಪಡಿ, ಅದಕ್ಕೆ ಮಾಡು ತಗ್ಗು. ಕಡಿದು ಮಾಡಿದರೆ ಜಾರಿ ತಲೆ ಮೇಲೆ ಬೀಳುತ್ತೆ.

ಊರುಬಿಟ್ಟವ

ಮೂರನೇ ಪ್ರಶ್ನೆ ಬಾಕಿ ಇದೆ ಮೇಡಂ. ಜಗಳ ಆಗುತ್ತೆ ಅಂದಿದ್ದಿರಿ.

ಸುಣ್ಣದ_ಕೈ

ಬೀಳೋಕೆ ಕಾರಣ ಸರಳ, ಕೆಲಸ ಹೋಯ್ತು. ಟ್ರ್ಯಾಕ್ಟರ್ ಬಂತು, ಹುಲ್ಲು ಒಣಗಿಸೋ ಬದಲು ಹಸಿಯಾಗೇ ಹುದುಗಿಸಿಡೋ ಸೈಲೇಜ್ ಆಯ್ತು, ಐವತ್ತು ನೂರು ದನ ಒಂದೇ ಕಬ್ಬಿಣದ ಶೆಡ್ಡಿಗೆ ಬಂದವು. ನಾಲ್ಕು ದನಕ್ಕಾಗಿ ಹಿಮದಲ್ಲಿ ಎರಡು ಹೊತ್ತು ನಡೆಯೋ ಆಳು ಎಲ್ಲಿ? ಗಿಡ್ಡ ಬಾಗಿಲಲ್ಲಿ ಟ್ರ್ಯಾಕ್ಟರಿನ ಮೂತಿಯೂ ಹೋಗಲ್ಲ. ಒಂದು ಚಪ್ಪಡಿ ಜಾರಿದಾಗ ಹಾಕಲಿಲ್ಲ, ನೀರು ತೊಲೆಗೆ ಹೋಯ್ತು, ತೊಲೆ ಮುರಿದಾಗ ಮಾಡಿನ ಟನ್‌ಗಟ್ಟಲೆ ಕಲ್ಲು ಕೆಳಗೆ.

ಜಗಳ ಮುಂದಿನದು: ಮನೆ ಮಾಡಿ ಉಳಿಸೋದಾ? ಇಂಗ್ಲೆಂಡಿನಲ್ಲಿ 2014ರಿಂದ ಬೇಸಾಯದ ಕಟ್ಟಡವನ್ನ ಮನೆ ಮಾಡೋಕೆ ಪೂರ್ತಿ ಪ್ಲಾನಿಂಗ್ ಅರ್ಜಿಯ ರಗಳೆ ಇಲ್ಲದ ದಾರಿ ಇದೆ, ಈಗ ಅದನ್ನ ಕ್ಲಾಸ್ ಕ್ಯೂ ಅಂತಾರೆ. ರಾಷ್ಟ್ರೀಯ ಉದ್ಯಾನಗಳಿಗೆ, ಲಿಸ್ಟೆಡ್ (ರಕ್ಷಿತ ಪಟ್ಟಿಯಲ್ಲಿರೋ) ಕಟ್ಟಡಗಳಿಗೆ ಅದು ಅನ್ವಯ ಆಗಲ್ಲ. ಡೇಲ್ಸಿನಲ್ಲಿ ರಸ್ತೆ ಪಕ್ಕದವಕ್ಕೆ ಒಪ್ಪಿಗೆ ಸಿಗಬಹುದು, ಗದ್ದೆ ನಡುವಿನವಕ್ಕೆ ಬಹಳ ಕಷ್ಟ. ಸರಿಯೇ ಅಂತ ನನ್ನ ಮಾತು. ಬಾರ್ನ್‌ನ ಗುಣ ಅಂದರೆ ಕಿಟಕಿಯಿಲ್ಲದ ಗೋಡೆ, ಒಳಗೆ ನೆಲದಿಂದ ಮಾಡಿನವರೆಗೆ ಒಂದೇ ಖಾಲಿ. ಮನೆಗೆ ಬೇಕಾದದ್ದು ಕಿಟಕಿ, ಕೋಣೆ, ಮಹಡಿ, ಕಾರಿಗೆ ದಾರಿ, ಕರೆಂಟ್ ಕಂಬ, ಒಗೆದ ಬಟ್ಟೆ ಒಣಹಾಕೋ ಹಗ್ಗ. ಇಷ್ಟೂ ಕೊಟ್ಟ ಮೇಲೆ ಉಳಿಯೋದು ಬಾರ್ನ್ ಆಕಾರದ ಬಂಗಲೆ.

ಧಾರವಾಡ_ಪೇಢಾ

ಇಲ್ಲೆ ನಾ ಒಪ್ಪೂದುಲ್ಲ ನೋಡ್ರಿ. ಡೇಲ್ಸಿನಾಗ ಹುಟ್ಟಿದ ಹುಡುಗರಿಗೆ ಅಲ್ಲೇ ಮನಿ ಸಿಗವಲ್ದು. ಮಾಡು ಬಿದ್ದ ಬಾರ್ನಿಗೆ ನಾಲ್ಕು ಕಿಟಕಿ ಹಚ್ಚಿ ಒಂದು ಸಂಸಾರ ಇದ್ರ ಏನ್ ಪಾಪ? ಕಟ್ಟಿದಾಂವ ಏನು ಚಿತ್ರ ತೆಗಸ್ಕೊಳ್ಳಾಕ ಕಟ್ಟಿದ್ನೇನು? ಕೆಲಸಕ್ಕ ಕಟ್ಟಿದ್ದ. ಹೊಸಾ ಕೆಲಸ ಕೊಡ್ರಿ.

ಮಂಡ್ಯದ_ಗದ್ದೆ

ಪೇಢಾ ಅವರ ಮಾತು ಸರಿ ಅನ್ನಿಸ್ತದೆ. ಆದರೆ ಆ ಮನೆ ಅಲ್ಲಿನ ಹುಡುಗನಿಗೇ ಸಿಗ್ತದಾ, ಇಲ್ಲಾ ಪೇಟೆಯವರು ರಜಕ್ಕೆ ಬಂದು ಹೋಗೋಕೆ ತಗೋತಾರಾ? ನಮ್ಮ ಕಡೆ ತೋಟದ ಮನೆ ಕತೆ ನೋಡ್ತಾ ಇವ್ನಲ್ಲ, ಅದಕ್ಕೆ ಕೇಳಿದೆ.

ಸುಣ್ಣದ_ಕೈ

ಅದೇ ಪ್ರಶ್ನೆ. ಕಣಿವೆಯವರೇ ಇರಬೇಕು ಅಂತ ಷರತ್ತು ಹಾಕೋದೂ ಉಂಟು, ರಜೆಗೆ ಬಾಡಿಗೆ ಕೊಡೋಕೆ ಬಿಡೋದೂ ಉಂಟು. ಪೇಢಾ ಅವರೇ, ರಸ್ತೆ ಪಕ್ಕದ್ದಾದರೆ ನಿಮ್ಮ ಜೊತೆ ನಾನೂ ಕೈಯೆತ್ತುತ್ತೀನಿ. ಗದ್ದೆ ನಡುವಿನದಕ್ಕೆ ಬೇಡ. ಅದಕ್ಕೆ ಮಾಡು ಮಾತ್ರ ಗಟ್ಟಿ ಮಾಡಿ ಬಿಡಿ, ಕುರಿ ನಿಲ್ಲಲಿ, ಬಾವಲಿ ನೇತಾಡಲಿ. ಹಾಂ, ಬಾವಲಿ ಅಂದೆ. 1981ರ ಕಾಯ್ದೆ ಪ್ರಕಾರ ಅವುಗಳ ಗೂಡಿಗೆ ಕೈಹಚ್ಚೋದು ಅಪರಾಧ, ತೂತು ಮುಚ್ಚೋ ಮುಂಚೆ ಸರ್ವೆ ಮಾಡಿಸಬೇಕು. ಒಂದು ಸಲ ಮೂರು ಬಾವಲಿಗಾಗಿ ನಾವು ಆರು ಜನ ಇಡೀ ಬೇಸಿಗೆ ಕೆಲಸ ನಿಲ್ಲಿಸಿ ಕೂತಿದ್ವಿ.

ತಕರಾರು_ತಮ್ಮಯ್ಯ

ಬಾವಲಿಗೆ ಇರೋ ಗೇಣಿ ಹಕ್ಕು ರೈತನಿಗೆ ಇದ್ದಿದ್ದರೆ!

ಊರುಬಿಟ್ಟವ

ಐದು ತಿಂಗಳ ಮೇಲೆ ಈ ಎಳೆಯನ್ನ ಮತ್ತೆ ಎಬ್ಬಿಸ್ತಿದ್ದೀನಿ. ನಿನ್ನೆ ಮತ್ತೆ ಮ್ಯೂಕರ್ ಕಡೆ ಹೋಗಿದ್ದೆ, ನವೆಂಬರ್ ಮಳೆ, ಕಣಿವೆಯಲ್ಲಿ ಯಾರೂ ಇಲ್ಲ. ಗೋಡೆ ಸರಿ ಮಾಡ್ತಿದ್ದ ಒಬ್ಬ ವಯಸ್ಸಾದ ರೈತರ ಜೊತೆ ಮಾತಿಗೆ ಬಿದ್ದೆ. ನನ್ನ ಪ್ರಶ್ನೆಗಳು ಮುಗಿಯದ್ದು ನೋಡಿ ಅವರೇ “ಒಳಗೆ ಬಂದು ನೋಡು” ಅಂತ ತಮ್ಮ ಬಾರ್ನ್‌ನ ಬಾಗಿಲು ತೆಗೆದರು.

ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಒಂದು ನಿಮಿಷ ಬೇಕಾಯ್ತು. ಮೂರು ಗೂಡು, ನಡುವೆ ಚಪ್ಪಡಿಯ ಬಾಸ್ಕಿನ್. ಆ ಚಪ್ಪಡಿಯ ಅಂಚು ದನದ ಕುತ್ತಿಗೆಯ ಎತ್ತರದಲ್ಲಿ ಮಾತ್ರ ನುಣ್ಣಗೆ ಹೊಳೀತಿದೆ, ದೇವಸ್ಥಾನದ ಹೊಸ್ತಿಲ ಹಾಗೆ. ಪಕ್ಕದಲ್ಲಿ ಒಂದು ನಿಲುವು ಗೂಟ, ಅದಕ್ಕೆ ಕಬ್ಬಿಣದ ಬಳೆ, ಬಳೆಯಿಂದ ಸರಪಳಿ. ದನ ಮಲಗಿದರೆ ಬಳೆ ಕೆಳಗಿಳಿಯುತ್ತೆ, ಎದ್ದರೆ ಮೇಲೇರುತ್ತೆ. ಅವರು ಬಳೆಯನ್ನ ಮೇಲೆತ್ತಿ ಬಿಟ್ಟರು. ಕಿರ್ರೆಂದು ಜಾರಿ ಟಣ್ ಅಂತ ನಿಂತಿತು. ಚಿಕ್ಕವರಿದ್ದಾಗ ರಾತ್ರಿ ಈ ಸದ್ದು ಕೇಳಿದರೆ ಯಾವ ಹಸು ಎದ್ದಿತು ಅಂತ ಅವರಪ್ಪ ಹೇಳುತ್ತಿದ್ದರಂತೆ.

ದಿನಕ್ಕೊಂದು ಸಲ ಸರಪಳಿ ಬಿಚ್ಚಿ ಹಳ್ಳಕ್ಕೆ ನೀರು ಕುಡಿಸೋಕೆ ಬಿಡುತ್ತಿದ್ದರು, ತಮ್ಮಷ್ಟಕ್ಕೆ ತಾವೇ ವಾಪಸ್ ಬಂದು ತಮ್ಮ ತಮ್ಮ ಗೂಡಿಗೆ ನಿಲ್ಲುತ್ತಿದ್ದವು ಅಂದರು. ಅಟ್ಟದ ಹಲಗೆ ಸಂದಿನಲ್ಲಿ ಇನ್ನೂ ಹಳೇ ಹುಲ್ಲಿನ ಎಳೆ ಸಿಕ್ಕಿಕೊಂಡಿದೆ. ನೆಲದ ಮೇಲೆ ಗೂಬೆ ಕಕ್ಕಿದ ಉಂಡೆ, ಮುರಿದರೆ ಇಲಿಯ ಪುಟ್ಟ ದವಡೆ. ಅಡ್ಡಗಲ್ಲಿನ ಒಳತುದಿಯೊಂದಕ್ಕೆ ಅವರು ಕೋಟು ನೇತುಹಾಕಿದ್ದರು.

ಬರುವಾಗ ಬಾಗಿಲ ಮೇಲಿನ ಕಲ್ಲಿಗೆ ಹಣೆ ಹೊಡೆಸಿಕೊಂಡೆ. “ಎಲ್ಲರಿಗೂ ಒಂದು ಸಲ ಆಗುತ್ತೆ” ಅಂದರು.

ಮಂಡ್ಯದ_ಗದ್ದೆ

ಹಣೆಗೆ ಅರಿಶಿನ ಹಚ್ಕಳಿ. ನಮ್ಮ ಕೊಟ್ಟಿಗೆ ಬಾಗಿಲೂ ಅಷ್ಟೇ ಗಿಡ್ಡ, ನನ್ನ ಹಣೆ ಮೇಲೂ ಗುರುತದೆ.